ನೆತ್ತಿ ಕೊಯ್ದ ಕಾರು

ಯಲಬುರ್ಗಾಕ್ಕೆ ಹೆಣ್ಣು ನೋಡಲು ನಾನು ಸ್ವಂತ ಕಾರು ಓಡಿಸಿಕೊಂಡು ಹೋಗಿದ್ದೆ. ಇದು ನನ್ನ ವಾದ. ನಡೆದುಕೊಂಡು ಬಂದಿದ್ದೆ, ಮೈಯೆಲ್ಲ ಧೂಳಿತ್ತು. ಇದು ನನ್ನ ಹೆಂಡತಿಯ ವಾದ. ಮದುವೆಯಾದಂದಿನಿಂದ ಈ ಖಟ್ಲೆ ನಡೆದೇ ಇದೆ. ನೆಂಟರ ಮುಂದೆ ನಾನು ಕಾರಿನ ಕಥೆ ಶುರು ಮಾಡಿದರೆ ಸಾಕು, ಅವಳು ಅರ್ಧ ಕುಡಿದ ಚಹಾದ ಕಪ್ಪುಗಳನ್ನೂ ಎತ್ತಿಕೊಂಡು ಒಳಗೆ ಹೋಗುತ್ತಾಳೆ.

ಇತಿಹಾಸದಲ್ಲಿ ಎಂ.ಎ. ಮಾಡಿದವನು ನಾನು. ಕಣ್ಣಾರೆ ಕಂಡೆ ಎನ್ನುವವನನ್ನೇ ಮೊದಲು ಅನುಮಾನಿಸಬೇಕೆಂದು ಕೊಪ್ಪಳದಲ್ಲಿ ಪಾಠ ಹೇಳಿ ನಿವೃತ್ತನಾದೆ. ಆಮೇಲೆ ಅನುಮಾನಿಸಲು ಬೇರೆ ಯಾರೂ ಸಿಗದೆ ನನ್ನನ್ನೇ ಅನುಮಾನಿಸತೊಡಗಿದೆ. ಕಾರು ನಿಜವಾಗಿ ಇತ್ತೇ? ಒಂದು ಫೋಟೊ ಕೂಡ ಇಲ್ಲ. ಉಳಿದಿರುವ ಒಬ್ಬನೇ ಸಾಕ್ಷಿ ಗಂಗಾವತಿಯ ಗೆಳೆಯ. ಅವನ ಅಬ್ಬಾನ ಗ್ಯಾರೇಜಿನಲ್ಲೇ ನಾವಿಬ್ಬರೂ ಹಳೇ ಅಂಬಾಸಿಡರೊಂದರ ನೆತ್ತಿ ಕೊಯ್ದು, ಕೊಯ್ದ ಅಂಚಿಗೆ ಸೈಕಲ್ ಟೈರು ಸೀಳಿ ತೊಡಿಸಿ, ತೆರೆದ ಕಾರು ಮಾಡಿದ್ದು. ಆದರೆ ಸುಳ್ಳು ಹೇಳುವುದರಲ್ಲಿ ಅವನು ನನಗಿಂತ ಮುಂದು.

ಫೋನು ಮಾಡಿದೆ. “ನಮ್ಮ ಕೆಂಪು ಕಾರು ನೆನಪೈತೇನಲೇ?”

“ಕೆಂಪ? ಹಸರ ಇತ್ತಲೇ ಹುಚ್ಚಾ. ತಾವರಗೇರಾದಾಗ ಐತಂತ ಅದು, ಮದಿವಿಗೆ ಬಾಡಿಗಿ ಹೊಡಿತೈತಂತ. ನಡಿ, ನೋಡಿ ಬರೂಣು.”

“ನಾನೂ ಬರ್ತೀನಿ, ತೀರ್ಪು ಕೇಳಾಕ,” ಎಂದು ಹೆಂಡತಿಯೂ ಹೊರಟಳು.

ಕುಷ್ಟಗಿಯಲ್ಲಿ ಮಿರ್ಚಿ ತಿಂದು ಮೂವರೂ ತಾವರಗೇರಾ ಮುಟ್ಟಿದಾಗ ಕಾರು ಒಂದು ಮದುವೆ ಮನೆಯ ಮುಂದೆ ಚೆಂಡು ಹೂವಿನಲ್ಲಿ ಮುಳುಗಿ ನಿಂತಿತ್ತು. ಈಗ ಬಿಳಿ ಬಣ್ಣ. ಅಂಚಿಗೆ ಸುತ್ತಿದ್ದ ಜರಿ ಸರಿಸಿದೆ, ಕೆಳಗೆ ನಮ್ಮ ಸೈಕಲ್ ಟೈರು! ಬಾಗಿಲ ಮೂಲೆಯಲ್ಲಿ ಬಣ್ಣ ಎದ್ದಿತ್ತು, ತಗಡಿಗೆ ಹತ್ತಿದ ಮೊದಲ ಪದರ ಕಾಣುತ್ತಿತ್ತು. ಹಳದಿ. ಕೆಂಪೂ ಅಲ್ಲ, ಹಸಿರೂ ಅಲ್ಲ; ಇಬ್ಬರು ಸಾಕ್ಷಿಗಳೂ ಸೋತೆವು.

ನಾನು ಹತ್ತಿ ಕೂರಲು ಹೋದೆ. ಕಾರಿನ ಈಗಿನ ಮಾಲೀಕ ಓಡಿ ಬಂದ. “ಏ ಸರ್, ಇಳೀರಿ ಇಳೀರಿ! ಮದುಮಗ ಹತ್ತೂಕಿಂತ ಮೊದ್ಲ ಬ್ಯಾರೆ ಗಂಡಸ್ರು ಹತ್ತಂಗಿಲ್ರಿ. ಬೀಗರು ಜಗಳಾ ತಗೀತಾರ.”

ಇಳಿದು ಹಿಂದಕ್ಕೆ ಹೋದೆ. ಡಿಕ್ಕಿಯ ಮೇಲೆ ಎರಡು ಕಬ್ಬಿಣದ ಹಿಡಿಕೆ, ಬೆಸುಗೆ ಹಾಕಿದ್ದು. ಸುಮ್ಮನೆ ಹಿಡಿದೆ. ನನ್ನ ಕೈಗಳ ಎತ್ತರಕ್ಕೆ ಸರಿಯಾಗಿದ್ದವು.

“ಇವು ಯಾಕಲೇ?”

“ನಿನಗಂತನ!” ಗೆಳೆಯ ನಗತೊಡಗಿದ. “ಅದು ತಾನಾಗೇ ಎಲ್ಲಿ ಸ್ಟಾರ್ಟ್ ಆಗ್ತಿತ್ತು? ನಾ ಓಡಿಸಾವ, ನೀ ದಬ್ಬಾವ. ಕೈ ಜಾರತಾವು ಅಂತ ಅಳತಿದ್ದಿ, ಹಚ್ಚಿಕೊಟ್ಟೆ. ” ನನ್ನ ಹೆಂಡತಿಯ ಕಡೆ ಕೈ ಮಾಡಿದ. “ಈ ವೈನಿಯವರ ಓಣಿಗೂ ದಬ್ಬಕೊಂತನ ಬಂದಿದ್ದಿ.”

ಇಲ್ಲ ಎನ್ನಬೇಕೆಂದಿದ್ದೆ. ಅಂಗೈಗಳು ಹಿಡಿಕೆ ಬಿಡಲಿಲ್ಲ. ಸ್ಟೇರಿಂಗು ಹೇಗಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಹೆಂಡತಿ ಹಿಡಿಕೆಗಳನ್ನು ನೋಡಿದಳು, ನನ್ನನ್ನು ನೋಡಿದಳು. “ಅಯ್ಯ, ಇದು ನಿಮ್ದ ಕಾರಾ? ಮಾಳಿಗಿ ಮ್ಯಾಲಿಂದ ನೋಡಿದ್ದೆ. ಯಾರದೋ ಗಾಡಿ ಕೆಟ್ಟೈತಿ, ಹೆಣ್ಣು ನೋಡಾಕ ಬಂದಾವ ಹೊಸಾ ಅಂಗಿ ಹೊಲಸ ಮಾಡ್ಕೊಂಡು ದಬ್ಬಾಕತ್ಯಾನ, ಮನಷ್ಯಾ ಛಲೋ ಅದಾನ ಅಂತ ಹೂಂ ಅಂದೆ.”

“ನಂದ ಗಾಡಿ ಅಂತ ಗೊತ್ತಿದ್ರ?”

“ಊಹೂಂ ಅಂತಿದ್ದೆ.”

ಗೆಳೆಯ ನಕ್ಕು ನಕ್ಕು ಕೆಮ್ಮಿದ. ಅಷ್ಟರಲ್ಲಿ ಬ್ಯಾಂಡು ಶುರುವಾಯಿತು, ಮದುಮಗ ಹತ್ತಿ ಕುಳಿತ, ಮಾಲೀಕ ಚಾವಿ ತಿರುವಿದ. ಕಾರೂ ಗೆಳೆಯನಂತೆಯೇ ಕೆಮ್ಮಿ ಸುಮ್ಮನಾಯಿತು.

ಮಾಲೀಕ ತಿರುಗಿ ನೋಡಿದ. “ಸರ್, ಒಂದೀಟು ಕೈ ಹಚ್ಚರಿ.”

ನಾನು ಅಂಗಿಯ ತೋಳು ಮಡಚಿ ಹಿಡಿಕೆ ಹಿಡಿದೆ.

“ಅಂಗಿ ಜ್ವಾಕಿ,” ಎಂದಳು ಹೆಂಡತಿ. “ಈಗ ಒಗಿಯಾಕಿ ನಾನು.”