ಗೊದಮೊಟ್ಟೆಗೆ ಮೂರು ಮಡಕೆ

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ನಾನು ಮಲೇರಿಯಾ ಇನ್ಸ್‌ಪೆಕ್ಟರ್. ಸೊಳ್ಳೆ ಮರಿಯಾಗದಂತೆ ನಿಂತ ನೀರು ಕಂಡಲ್ಲಿ ಎಣ್ಣೆ ಸುರಿಯಬೇಕೆಂಬುದು ನಿಯಮ. ನಿಯಮದಲ್ಲಿ ನಾನು ದಾಕ್ಷಿಣ್ಯ ನೋಡಿದವನಲ್ಲ.

ಹುದಿಕೇರಿ ಬಳಿಯ ಎಸ್ಟೇಟಿನಲ್ಲಿ ಕೂಲಿಯವರು ವಾಸಿಸುವ ಲೈನಿನ ಹಿಂದೆ ನೀರು ನಿಂತ ಒಂದು ಗುಂಡಿಯಿತ್ತು. ಎಣ್ಣೆ ಡಬ್ಬ ಎತ್ತುವಷ್ಟರಲ್ಲಿ ಅಲ್ಲಿನ ಕೆಲಸದ ಮುದುಕಿ ದೇವಮ್ಮ ಅಡ್ಡ ಬಂದಳು.

“ತಡೀರಿ ಸ್ವಾಮಿ, ಗೊದಮೊಟ್ಟೆ ಇವೆ. ನಾಲ್ಕು ದಿನ ಕಳೆದ್ರೆ ಕಾಲು ಬರ್ತವೆ, ತಾವೇ ಹೋಗ್ತವೆ.”

ಕಾಯುವಂತಿಲ್ಲ ಎಂದೆ. ಅವಳು ಅವನ್ನು ಮೊಗೆದು ಮೂರು ಮಡಕೆಗಳಿಗೆ ಹಾಕತೊಡಗಿದಳು.

“ಒಂದು ಮಡಕೆ ಸಾಲದೇ?”

“ಒಂದರಲ್ಲೇ ತುಂಬಿದ್ರೆ ತಿನ್ನೋಕೆ ಸಾಲದೆ ಯಾವುದೂ ಬೆಳೆಯಲ್ಲ. ಲೈನಿನ ಒಂದೇ ಕೋಣೇಲಿ ಹತ್ತು ಜನ ಇದ್ದೋರಿಗೆ ಗೊತ್ತು.”

ಮೂರನೆಯ ಮಡಕೆಯಲ್ಲಿ ಎಲ್ಲವೂ ತಳಕ್ಕಂಟಿ ಬಿದ್ದಿದ್ದವು. “ಸತ್ತಿವೆ” ಎಂದೆ. ದೇವಮ್ಮ ಬೆರಳಾಡಿಸಿ, ನೀರಿನಲ್ಲೇ ಬೆಳೆಯುವ ಏರೋಪ್ಲೇನ್ ಚಿಟ್ಟೆಯ ಮರಿಯೊಂದನ್ನು ಹಿಡಿದು ಹೊರಗೆಸೆದಳು.

“ಇದು ಹಿಡ್ಕೊಂಡು ತಿನ್ತದೆ. ಅದಕ್ಕೇ ಹೆದರಿ ಅಲ್ಲಾಡದೆ ಕೂತವೆ. ನೀವೂ ಸ್ವಲ್ಪ ಹಿಂದೆ ಸರೀರಿ.”

ಸರಿದೆ. ಬಹಳ ಹೊತ್ತಾದ ಮೇಲೆ ಒಂದು ಬಾಲ ಅಲುಗಿತು. ನನಗೇ ಜೀವ ಬಂದಂತಾಯಿತು.

ಮಡಕೆಯದೂ ನಿಂತ ನೀರೇ; ಆದರೆ ಬಾಯಿಗೆ ಬಟ್ಟೆ ಕಟ್ಟಿದ ಪಾತ್ರೆಗೆ ನಿಯಮದಲ್ಲೇ ವಿನಾಯಿತಿ ಇತ್ತು. ಅವಳ ಹಳೇ ಸೀರೆಯ ತುಂಡು ಎರಡು ಮಡಕೆಗಷ್ಟೇ ಆಯಿತು. ಮೂರನೆಯದಕ್ಕೆ ನನ್ನ ಇಸ್ತ್ರಿ ಮಾಡಿದ ಕರವಸ್ತ್ರ ಕಟ್ಟಿ, ಗುಂಡಿಗೆ ಎಣ್ಣೆ ಸುರಿದು ಹೊರಟೆ. ಮಡಿಕೇರಿ ತಲುಪುವವರೆಗೂ ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡೆ. ಹಾಗೆ ಮಾಡುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.