ಎದ್ದು ನಿಲ್ಲುವ ಸೇತುವೆಯ ಕೊನೆಯ ಭಾನುವಾರ

ನಿಮ್ಮ ಉಳ್ಳಾಲದ ಸೇತುವೆ ಎಂದಾದರೂ ನಿಮ್ಮನ್ನು ಕಂಡು ಎದ್ದು ನಿಂತಿದೆಯೇ? ಇಲ್ಲಿಯದು ನಿಲ್ಲುತ್ತದೆ. ಹಾಲೆಂಡಿನ ಈ ಊರಿನಲ್ಲಿ ದೋಣಿ ಬಂದರೆ ಸಾಕು, ಗಂಟೆ ಬಾರಿಸಿ, ಬಸ್ಸು, ಸೈಕಲ್ಲುಗಳನ್ನೆಲ್ಲ ತಡೆದು, ರಸ್ತೆಯೇ ಆಕಾಶಕ್ಕೆ ಏಳುತ್ತದೆ. ಮೊದಲ ಸಲ ಕಂಡಾಗ ಮಗಳು ಶೋಭಾಳ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದೆ.

ಮಂಗಳೂರಿನ ಉರ್ವದ ನಮ್ಮ ಮನೆಯಲ್ಲಿ ಬಾಗಿಲು ತೆರೆದರೆ ಮಾತು ತಾನಾಗಿ ಒಳಗೆ ಬರುತ್ತದೆ. ಇಲ್ಲಿ ಶೋಭಾ ಆಸ್ಪತ್ರೆಯ ಡ್ಯೂಟಿಗೆ ಹೋದ ಮೇಲೆ ಮೂರು ತಿಂಗಳು ನನ್ನೊಡನೆ ಮಾತಾಡಿದ್ದು ಅಡುಗೆಮನೆಯ ಕಿಟಕಿಯೆದುರಿನ ಮರದ ಸೇತುವೆಯ ಗಂಟೆ ಮಾತ್ರ. ಬೆಳಗ್ಗೆ ಅದು ಬಾರಿಸಿದರೆ ನಾನು ಕುಚ್ಚಲಕ್ಕಿಗೆ ನೀರಿಡುತ್ತಿದ್ದೆ.

ಆ ಸೇತುವೆಯನ್ನು ಸೋಮವಾರ ಕಿತ್ತು, ಏಳದ ಕಾಂಕ್ರೀಟಿನದನ್ನು ಕಟ್ಟುತ್ತಾರೆಂದು ತಿಳಿಯಿತು. ಭಾನುವಾರವೇ ಕೊನೆ. ಊರಿನ ಬೇರೆ ಎಂಟು ಸೇತುವೆಗಳ ಫೋಟೋವನ್ನು ನೀರಿನಿಂದಲೇ ತೆಗೆದಿದ್ದೆ. ದಡದಿಂದ ಅವುಗಳ ಎತ್ತರ ಗೊತ್ತಾಗದು. ಇದೆಲ್ಲಿಗೆ ಹೋಗುತ್ತದೆ ಎಂಬ ಧೈರ್ಯದಲ್ಲಿ ಕಿಟಕಿಯೆದುರಿನ ನನ್ನದನ್ನೇ ಬಾಕಿ ಇಟ್ಟಿದ್ದೆ.

ಆ ಭಾನುವಾರ ಬಾಡಿಗೆ ದೋಣಿಯನ್ನು ಶೋಭಾ ನಡೆಸುತ್ತಿದ್ದಳು. ನಮ್ಮ ಹಿಂದೆ ಮೂರು ದೊಡ್ಡ ದೋಣಿಗಳು ಒತ್ತಿಕೊಂಡು ಬರುತ್ತಿದ್ದವು. ಸೇತುವೆ ಪೂರ್ತಿ ಏಳಲಿ ಎಂದು ಫೋನ್ ಹಿಡಿದು ಕಾದೆ. ಎದ್ದಿತು. ಅಷ್ಟರಲ್ಲಿ ನನ್ನ ಮೂಗಿನೆದುರು ಮೇಲಿನಿಂದ ಒಂದು ಚಪ್ಪಲಿ ಇಳಿಯಿತು!

ಕ್ಲೋಂಪ್ ಎನ್ನುವ ಮರದ ಪಾದರಕ್ಷೆ ಅದು. ಸೇತುವೆ ಕಾಯುವವನು ಅದನ್ನು ಗಾಳದ ಕೋಲಿಗೆ ಕಟ್ಟಿ ಇಳಿಸುತ್ತಾನೆ; ದೋಣಿಯವರು ಸುಂಕವನ್ನು ಅದರೊಳಗೆ ಹಾಕಬೇಕು. ಈ ಹಳೆಯ ಪದ್ಧತಿ ಉಳಿದದ್ದು ಈ ಸೇತುವೆಯಲ್ಲಿ ಮಾತ್ರ. ಕಿಟಕಿಯಿಂದ ನೋಡುವಾಗ ಅವನು ಮೀನು ಹಿಡಿಯುತ್ತಾನೆಂದೇ ತಿಳಿದಿದ್ದೆ.

"ನಾಣ್ಯ ಹಾಕಮ್ಮ, ಬೇಗ!"

"ಚಪ್ಪಲಿಯೊಳಗಾ? ಲಕ್ಷ್ಮಿ ಅದು ಮಾರಾಯ್ತಿ!"

"ಎಂತ ಅಮ್ಮ ನೀನು! ಅದಕ್ಕೆ ಯಾರೂ ಕಾಲು ಹಾಕುದಿಲ್ಲ. ದೋಣಿ ಗೋಡೆಗೆ ತಾಗ್ತದೆ, ಹಾಕು!"

ಹಿಂದಿನವರು ಹಾರ್ನ್ ಹೊಡೆದರು. ಮೇಲಿನವನು ಕೋಲು ಅಲ್ಲಾಡಿಸಿದ. ನನ್ನ ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ನಾಣ್ಯ. ಕಾಲುವೆಯ ಗೋಡೆ ಹತ್ತಿರ ಹತ್ತಿರ ಬರುತ್ತಿತ್ತು. ಫೋನನ್ನು ಮಡಿಲಿಗೆ ಹಾಕಿ, ನಾಣ್ಯವನ್ನು ಕಣ್ಣಿಗೊತ್ತಿಕೊಂಡು, ತಪ್ಪಾಯಿತು ತಾಯೀ ಎಂದು ಚಪ್ಪಲಿಗೆ ಬಿಟ್ಟೆ.

ತಿರುಗಿ ನೋಡಿದರೆ ನಾವು ಆಚೆ ದಾಟಿದ್ದೆವು. ಹಿಂದಿನ ಮೂರು ದೋಣಿಗಳು ಸೇತುವೆಯನ್ನೇ ಮರೆಮಾಡಿದ್ದವು. ಅವು ಸರಿಯುವಷ್ಟರಲ್ಲಿ ಅದು ಮಲಗಿಯಾಗಿತ್ತು. ಮೇಲೆ ಸೈಕಲ್ಲುಗಳು ಓಡುತ್ತಿದ್ದವು. ಫೋಟೋ ತೆಗೆಯಲಿಲ್ಲ.

ಮನೆಗೆ ಬಂದು ಉರ್ವದಲ್ಲಿರುವ ತಂಗಿ ಸುಮತಿಗೆ ವಿಡಿಯೋ ಕಾಲ್ ಮಾಡಿದೆ. "ನಮ್ಮ ಸೇತುವೆ ಹೋಯ್ತು ಸುಮತಿ" ಎನ್ನುವಾಗ ಅಳು ಬಂದೇಬಿಟ್ಟಿತು.

ಅವಳು ನನ್ನ ಮುಖವನ್ನೇ ನೋಡಿದಳು.

"ನಮ್ಮದಾ? ಹಾಗಾದ್ರೆ ಇಲ್ಲಿ ನಿನ್ನ ಮಂಚಕ್ಕೆ ವಾರ ವಾರ ಚಾದರ ಬದಲಿಸ್ತೇನಲ್ಲ, ಅದು ಯಾರಿಗೆ ಅಕ್ಕ?"