ಹೊಸ ಮೀನಿಗೆ ನೀರು ಒಗ್ಗಿಸುವ ಡ್ರಿಪ್ಪಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೀನಿನಂಗಡಿಯ ಹಿಂದಿನ ಕೋಣೆಯಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಒಬ್ಬರು ಥರ್ಮೊಕೋಲ್ ಪೆಟ್ಟಿಗೆಯ ಟೇಪನ್ನು ಸದ್ದಾಗದ ಹಾಗೆ ಸೀಳುತ್ತಿದ್ದಾರೆ. ದೀಪ ಹಾಕಿಲ್ಲ. ಬಾಗಿಲ ಸಂದಿಯಿಂದ ಬರುವ ಬೆಳಕೇ ಸಾಕಂತೆ. ಪೆಟ್ಟಿಗೆಯೊಳಗೆ ಗಾಳಿ ತುಂಬಿ ಉಬ್ಬಿದ ಪ್ಲಾಸ್ಟಿಕ್ ಚೀಲಗಳು, ಒಂದೊಂದರಲ್ಲೂ ಒಂದೊಂದು ಕಡಲ ಮೀನು. ವಿಮಾನದಲ್ಲಿ, ಆಮೇಲೆ ಟೆಂಪೋದಲ್ಲಿ ಕುಲುಕಾಡಿಕೊಂಡು ಬಂದ ಜೀವಗಳು.

"ಒಂದು ದಿನವೆಲ್ಲ ನೀವೇ ಚೀಲದಲ್ಲಿ ಕೂತು ಬಂದಿದ್ದೀರಿ ಅಂದ್ಕೊಳ್ಳಿ. ಇಳಿದ ತಕ್ಷಣ ಯಾರಾದ್ರೂ ಕಣ್ಣಿಗೆ ಟಾರ್ಚ್ ಬಿಟ್ರೆ ಹೆಂಗಿರುತ್ತೆ?" ಎನ್ನುತ್ತಾರೆ ಅವರು, ಪಿಸುದನಿಯಲ್ಲಿ. ಮೀನಿಗೆ ಕೇಳಿಸೀತೆಂಬ ಭಯವೋ ಏನೋ. ಮನೆಯಲ್ಲಿ ಮಾತ್ರ ಇವರ ದನಿ ಬೀದಿಯ ಕೊನೆಗೂ ಕೇಳುತ್ತದೆ ಎಂಬುದು ಹೆಂಡತಿಯ ದೂರು.

ಬಲ್ಲವರಿಗೆಲ್ಲ ಇವರು ಡ್ರಿಪ್ಪಣ್ಣ. ಮೊದಲು ಚೀಲವನ್ನು ಹಾಗೆಯೇ ಟ್ಯಾಂಕಿನ ನೀರಲ್ಲಿ ತೇಲಿಬಿಟ್ಟು ಒಳಗಿನ ನೀರಿಗೂ ಹೊರಗಿನ ನೀರಿಗೂ ಬಿಸಿ ಸರಿಮಾಡುತ್ತಾರೆ. ಆಮೇಲೆ ಮೀನನ್ನು ಅದು ಬಂದ ನೀರಿನ ಸಮೇತ ಬಕೆಟ್ಟಿಗಿಳಿಸಿ, ಟ್ಯಾಂಕಿನಿಂದ ಬೆರಳಿಗಿಂತ ಸಣ್ಣದೊಂದು ಪೈಪು ಎಳೆದು, ಆ ಪೈಪಿಗೊಂದು ಗಂಟು ಹಾಕುತ್ತಾರೆ. ಗಂಟು ಬಿಗಿದಷ್ಟೂ ಹನಿ ನಿಧಾನ. ಹೊಸ ಉಪ್ಪುನೀರು ಆಸ್ಪತ್ರೆಯ ಡ್ರಿಪ್ಪಿನ ಹಾಗೆ ತೊಟತೊಟನೆ ಬೀಳುತ್ತಾ ಹೋದಂತೆ ಮೀನಿಗೆ ಗೊತ್ತಾಗದಂತೆಯೇ ನೀರು ಬದಲಾಗುತ್ತದೆ. ಚೀಲ ಹರಿದು ದಬಕ್ಕನೆ ಟ್ಯಾಂಕಿಗೆ ಸುರಿಯುವವರನ್ನು ಕಂಡರೆ ಇವರಿಗೆ ಮೈ ಉರಿಯುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಹುಟ್ಟಿದ್ದು ಮೀನು ಸಾಕುವವರ ಮನೆಯಲ್ಲೇ ಇರಬೇಕು ಎಂದು ನಗುತ್ತಾರೆ.

ಹಿಂದೆ ಇವರು ಇದೇ ಪೆಟ್ಟಿಗೆಗಳನ್ನು ತರುವ ಟೆಂಪೋ ಓಡಿಸುತ್ತಿದ್ದರು. ಇಳಿಸಿ ಹೋದ ಮೀನುಗಳಲ್ಲಿ ಕೆಲವು ಮಾರನೆಯ ದಿನ ಕಸದ ಬುಟ್ಟಿಯಲ್ಲಿ ಕಾಣುತ್ತಿದ್ದವು. "ಬಂದದ್ದರಲ್ಲಿ ಒಂದಿಷ್ಟು ಸಾಯೋದೇ" ಎಂದು ಅಂಗಡಿಯವರು ತಳ್ಳಿಹಾಕಿದರು. ಇವರಿಗೆ ಆ ಮಾತು ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ಪೆಟ್ಟಿಗೆ ಇಳಿಸಿದ ಮೇಲೂ ಅಲ್ಲೇ ಕೂತು ನೋಡತೊಡಗಿದರು. ಸತ್ತದ್ದು ಯಾಕೆ ಸತ್ತಿತು, ಉಳಿದದ್ದು ಯಾಕೆ ಉಳಿಯಿತು. ಒಂದು ದಿನ ಟೆಂಪೋದ ಬೀಗದ ಕೈ ವಾಪಸು ಕೊಟ್ಟು ಬಕೆಟ್ಟು ಹಿಡಿದರು. ಈಗ ಅಂಗಡಿಯಿಂದ ಹೊರಟ ಮೀನಿನ ಹಿಂದೆಯೇ ಇವರೂ ಹೊರಡುತ್ತಾರೆ, ದಿನಕ್ಕೆ ಎರಡೋ ಮೂರೋ ಮನೆ, ಕಚೇರಿ, ಹೋಟೆಲು. ಕೊಂಡವರ ಗುಂಪುಫೋಟೋದಲ್ಲಿ ಮೀನಿರುತ್ತದೆ, ಇವರಿರುವುದಿಲ್ಲ. ಉಪ್ಪುನೀರಿಗೆ ಕೈಯ ಚರ್ಮ ಬಿರುಕುಬಿಟ್ಟಿದೆ, ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. ಅದಕ್ಕೆಲ್ಲ ಇವರದು ಒಂದೇ ಉತ್ತರ: "ಮೀನು ಮೊದಲ ತುತ್ತು ತಿಂದ್ರೆ ಎಲ್ಲ ಮರೆತುಹೋಗುತ್ತೆ ಬಿಡಿ."

ಇವತ್ತು ಮಾತ್ರ ಆ ಮೊದಲ ತುತ್ತಿನ ಚಿಂತೆ ಇವರನ್ನು ಹಿಂಡುತ್ತಿದೆ. ಬಕೆಟ್ಟಿನಲ್ಲಿರುವುದು ಹೆಬ್ಬೆರಳಿನಷ್ಟೂ ಇಲ್ಲದ, ಕೇಸರಿ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನು. ಹೋಗಬೇಕಾದದ್ದು ಮಕ್ಕಳ ಹಲ್ಲಿನ ಆಸ್ಪತ್ರೆಗೆ. ಅಲ್ಲಿ ಕಾಯುವ ಕೋಣೆಯ ಟ್ಯಾಂಕಿನಲ್ಲಿ ಇದೇ ಜಾತಿಯ ದೊಡ್ಡ ಹೆಣ್ಣು ಮೀನೊಂದಿದೆ. ಡ್ರಿಪ್ಪಣ್ಣ ಈ ಕೆಲಸ ಹಿಡಿದ ಹೊಸತರಲ್ಲಿ ತಮ್ಮ ಕೈಯಾರೆ ಒಗ್ಗಿಸಿದ ಮೀನದು. ಅದಕ್ಕೆ ಇವರಿಟ್ಟ ಹೆಸರು ಯಜಮಾನಿ.

ಜೊತೆಗಾರ ಸತ್ತ ಮೇಲೆ ಯಜಮಾನಿ ಬಂಡೆಯ ಹಿಂದೆ ಸೇರಿಕೊಂಡಿದ್ದಾಳೆ, ಉಣ್ಣುವುದೂ ಅಷ್ಟಕ್ಕಷ್ಟೆ. ಜೋಡಿ ತರೋಣವೆಂದು ಮೊದಲು ತಂದ ಮೀನು ಅವಳಷ್ಟೇ ದೊಡ್ಡದು. ಇಬ್ಬರಿಗೂ ಯಜಮಾನಿಕೆ ಬೇಕು, ಒಂದೇ ಒರೆಯಲ್ಲಿ ಎರಡು ಕತ್ತಿ! ಅದು ಉಳಿಯಲಿಲ್ಲ. ಎರಡನೆಯದು ಸಣ್ಣದೇ. ಆದರೂ ಅವಳು ಅದನ್ನು ಮೂಲೆಗೊತ್ತಿ ಮೂಲೆಗೊತ್ತಿ ರೆಕ್ಕೆ ಹರಿದಳು. ಡ್ರಿಪ್ಪಣ್ಣ ಅದನ್ನು ಎತ್ತಿಕೊಂಡು ಬಂದು ಅಂಗಡಿಯಲ್ಲಿ ಚೇತರಿಸಿಕೊಳ್ಳಲು ಬಿಟ್ಟಿದ್ದಾರೆ. ಹಲ್ಲುನೋವಿಗೆ ಅಳುತ್ತ ಬಂದ ಮಕ್ಕಳು ಆ ಜಗಳ ನೋಡಿ ಇನ್ನಷ್ಟು ಅತ್ತವು. ಡಾಕ್ಟರಮ್ಮ ಬೇಸರದಿಂದಲೇ ಹೇಳಿದರು: ಈ ಸಲವೂ ಹೊಂದದಿದ್ದರೆ ಯಜಮಾನಿಯನ್ನು ಒಯ್ದುಬಿಡಿ, ಟ್ಯಾಂಕ್ ತೆಗೆಸಿ ಟಿವಿ ಹಾಕಿಸುತ್ತೇನೆ.

"ಈ ವಯಸ್ಸಲ್ಲಿ ಅವಳು ಇನ್ನೊಂದು ನೀರಿಗೆ ಒಗ್ಗಲ್ಲ. ಎತ್ಕೊಂಡು ಬಂದ್ರೆ ಅಷ್ಟೇ ಕಥೆ" ಎನ್ನುವಾಗ ಡ್ರಿಪ್ಪಣ್ಣನ ಕಣ್ಣು ಹನಿಯ ಮೇಲಿಂದ ಕದಲುವುದಿಲ್ಲ.

ತಪ್ಪು ಎಲ್ಲಿ ಎಂದು ತೋರಿಸಿದ್ದು ಹೆಂಡತಿ. ಹೊಸ ಮೀನು ಬಿಡುವಾಗ ಟ್ಯಾಂಕಿನ ಬಂಡೆಗಳನ್ನೆಲ್ಲ ಜಾಗ ಬದಲಿಸಿಡುವುದು ಈ ಕಸುಬಿನ ಮಾಮೂಲಿ ಕ್ರಮ. ಹಳೆಯ ಮೀನಿಗೆ ತನ್ನ ಮೂಲೆ ಯಾವುದೆಂದೇ ತಿಳಿಯದೆ ಹೋದರೆ ಕಾಯುವುದೇನನ್ನು? ಎಲ್ಲ ಕಡೆ ಹಾಗೆ ಮಾಡುವ ಡ್ರಿಪ್ಪಣ್ಣ ಯಜಮಾನಿಯ ಟ್ಯಾಂಕಿನಲ್ಲಿ ಮಾತ್ರ ಒಂದು ಕಲ್ಲನ್ನೂ ಮುಟ್ಟಿರಲಿಲ್ಲ. ದುಃಖದಲ್ಲಿರುವವಳ ಮನೆ ಕೆಡಿಸುವುದು ಬೇಡವೆಂಬ ಕರುಣೆ.

ನಿನ್ನೆ ಊಟದ ಹೊತ್ತಿಗೆ ಇದನ್ನು ಕೇಳಿದ ಹೆಂಡತಿ ತಟ್ಟೆ ಪಕ್ಕಕ್ಕಿಟ್ಟರು. "ನಾನು ಈ ಮನೆಗೆ ಬಂದ ದಿನ ನಿಮ್ಮಮ್ಮ ಏನು ಮಾಡಿದ್ರು ಗೊತ್ತೇನ್ರೀ? ಅಡುಗೆಮನೆ ಡಬ್ಬಿಗಳನ್ನೆಲ್ಲ ಅಲ್ಲಿಂದಿಲ್ಲಿಗೆ ಎತ್ತಿಟ್ಟಿದ್ರು. ಉಪ್ಪು ಎಲ್ಲಿದೆ ಅಂತ ನನಗೂ ಗೊತ್ತಿಲ್ಲ, ಅವರಿಗೂ ಮರೆತುಹೋಗಿದೆ! ಇಬ್ಬರೂ ಕಪಾಟಿಗೆ ತಲೆ ತೂರಿಸಿ ಹುಡುಕಿದ್ದೇ ಹುಡುಕಿದ್ದು, ನಕ್ಕಿದ್ದೇ ನಕ್ಕಿದ್ದು. 'ಇವತ್ತಿಂದ ನೀನೂ ಹೊಸಬಳು, ನಾನೂ ಹೊಸಬಳು ಕಣೇ' ಅಂದ್ರು."

ಅಂದಿನ ಊಟ ಸಪ್ಪೆಯಾಗಿದ್ದುದು ಡ್ರಿಪ್ಪಣ್ಣನಿಗೆ ಚೆನ್ನಾಗಿ ನೆನಪಿದೆ. ಗೊಣಗಿದ್ದೂ ನೆನಪಿದೆ, "ತಿನ್ನೋ ಸುಮ್ನೆ" ಎಂದು ಅಮ್ಮ ಗದರಿದ್ದೂ ನೆನಪಿದೆ. ಕಾರಣ ತಿಳಿದದ್ದು ಮಾತ್ರ ನಿನ್ನೆ, ಅಮ್ಮ ಹೋಗಿ ಎಷ್ಟೋ ವರ್ಷಗಳ ಮೇಲೆ.

"ನಿಮ್ಮಮ್ಮನೂ ಆಗಷ್ಟೇ ಗಂಡನ್ನ ಕಳ್ಕೊಂಡಿದ್ರು. ಆ ದುಃಖದಲ್ಲೂ ನನಗೋಸ್ಕರ ಡಬ್ಬಿ ಸರಿಸಿದ್ರು. ನೀವು ನಾಲ್ಕು ಕಲ್ಲು ಸರಿಸೋಕೆ ಹಿಂದೆಮುಂದೆ ನೋಡ್ತೀರಲ್ಲ" ಎಂದರು ಹೆಂಡತಿ.

ಬಕೆಟ್ಟಿನೊಡನೆ ಆಸ್ಪತ್ರೆ ತಲುಪಿದಾಗ ಕಾಯುವ ಕೋಣೆಗೆ ಇನ್ನೂ ಯಾರೂ ಬಂದಿಲ್ಲ. ಸಣ್ಣ ಸಣ್ಣ ಕುರ್ಚಿಗಳು, ಗೋಡೆಯ ಮೇಲೆ ನಗುವ ಹಲ್ಲಿನ ಚಿತ್ರ. ಬಾಗಿಲು ತೆರೆದ ಕೌಂಟರಿನ ಅಕ್ಕ ಟ್ಯಾಂಕಿನ ದೀಪ ಆರಿಸಿ ನಿಲ್ಲುತ್ತಾರೆ. ಡ್ರಿಪ್ಪಣ್ಣ ಅಂಗಿಯ ತೋಳು ಮಡಚಿ ನೀರಿಗೆ ಕೈ ಇಳಿಸುತ್ತಾರೆ. ಯಜಮಾನಿ ಬಂದು ಬೆರಳು ಕಚ್ಚುತ್ತಾಳೆ. "ಬೈಕೋ, ಬೈಕೋ. ಈ ಉಪಾಯ ನಮ್ಮಮ್ಮಂದು, ನಂದಲ್ಲ" ಎನ್ನುತ್ತ ಇವರು ಒಂದೊಂದೇ ಬಂಡೆ ಎತ್ತಿ ಬೇರೆ ಕಡೆ ಇಡುತ್ತಾರೆ. ಎಲ್ಲಕ್ಕಿಂತ ಕೊನೆಗೆ, ಕಣ್ಣು ಬೇರೆಡೆ ತಿರುಗಿಸಿಕೊಂಡು, ಅವಳು ಅಡಗುತ್ತಿದ್ದ ಬಂಡೆಯನ್ನು.

ಬಕೆಟ್ಟಿಗೆ ಇಲ್ಲಿನ ನೀರು ಹನಿಹನಿಯಾಗಿ ಇಳಿದು ಮುಗಿದ ಮೇಲೆ ಪುಟ್ಟ ಮೀನನ್ನು ತೂತುಗಳಿರುವ ಒಂದು ಬಟ್ಟಲಲ್ಲಿ ಹಿಡಿದು, ಬಂದ ನೀರು ಟ್ಯಾಂಕಿಗೆ ಸೇರದಂತೆ ಮೆಲ್ಲಗೆ ಜಾರಿಸುತ್ತಾರೆ. ಅದು ಸಿಕ್ಕ ಸಂದಿಗೆ ನುಗ್ಗುತ್ತದೆ. ಯಜಮಾನಿ ಅತ್ತ ನೋಡುವುದೂ ಇಲ್ಲ, ತನ್ನ ಮೂಲೆ ಹುಡುಕುತ್ತ ಟ್ಯಾಂಕೆಲ್ಲ ಸುತ್ತುತ್ತಿದ್ದಾಳೆ. ಇಂದು ದೀಪ ಹಾಕುವ ಹಾಗಿಲ್ಲ, ಊಟ ಹಾಕುವ ಹಾಗಿಲ್ಲ. "ಬಂದ ದಿನವೇ ತಿನ್ನು ತಿನ್ನು ಅಂತ ಜೀವ ತಿನ್ನಬಾರದು" ಎಂದು ಕೌಂಟರಿನ ಅಕ್ಕನಿಗೆ ಹೇಳಿ ಹೊರಡುತ್ತಾರೆ. ಬಾಗಿಲ ತನಕ ಹೋದವರು ಮತ್ತೆ ಬಂದು ಒಮ್ಮೆ ಇಣುಕುತ್ತಾರೆ.

ಮಾರನೆಯ ಬೆಳಿಗ್ಗೆ ಬೀಗ ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿದ್ದಾರೆ. ಒಳಗೆ ಹೋಗಿ ಗಾಜಿಗೆ ಮುಖ ತರುತ್ತಾರೆ. ಎರಡು ಮೀನೂ ಒಂದೇ ಬಂಡೆಯ ಕೆಳಗಿವೆ. ಯಜಮಾನಿ ಹತ್ತಿರ ಬಂದಾಗ ಪುಟ್ಟ ಮೀನು ಮೈಯೆಲ್ಲ ಗಡಗಡ ನಡುಗಿಸುತ್ತದೆ. ಕೌಂಟರಿನ ಅಕ್ಕ, "ಅಯ್ಯೋ, ಹೆದರಿದೆ ಅಣ್ಣಾ!" ಎನ್ನುತ್ತಾರೆ.

"ಹೆದರಿಕೆ ಅಲ್ಲಮ್ಮ. ನೀನೇ ದೊಡ್ಡವಳು, ನಾನು ಚಿಕ್ಕವನು ಅಂತ ಒಪ್ಕೊಳ್ಳೋ ರೀತಿ ಅದು" ಎನ್ನುತ್ತಾರೆ ಡ್ರಿಪ್ಪಣ್ಣ.

ಚಿಟಿಕೆಯಷ್ಟು ಆಹಾರ ಉದುರಿಸುತ್ತಾರೆ. ಯಜಮಾನಿ ಎಷ್ಟೋ ದಿನಗಳ ಮೇಲೆ ಊಟಕ್ಕೆಂದು ಬಂಡೆ ಬಿಟ್ಟು ಮೇಲಕ್ಕೆ ಬಂದು ಗಬಕ್ಕನೆ ನುಂಗುತ್ತಾಳೆ. ಅವಳ ಬಾಯಿಂದ ತಪ್ಪಿದ ಒಂದು ಚೂರು ಕೆಳಗಿಳಿಯುತ್ತದೆ. ಪುಟ್ಟ ಮೀನು ಅದನ್ನು ಕಚ್ಚಿ, ಉಗಿದು, ಮತ್ತೆ ಕಚ್ಚಿ ನುಂಗುತ್ತದೆ. ಯಜಮಾನಿ ಅಟ್ಟಿಸಿಕೊಂಡು ಹೋಗುವುದಿಲ್ಲ.

ಏನು ಆಸೆ ಇದೆ ನಿಮಗೆ ಎಂದು ಕೇಳಿದರೆ ಡ್ರಿಪ್ಪಣ್ಣ ಗಾಜಿನಿಂದ ಮುಖ ತೆಗೆಯದೆಯೇ ಉತ್ತರಿಸುತ್ತಾರೆ: "ಯಾವ ಮೀನಿಗೂ ನನ್ನ ನೆನಪು ಉಳೀಬಾರದು. ಅದರ ಪಾಡಿಗೆ ಅದು ಇದ್ರೆ ಸಾಕು."

ಆಮೇಲೆ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಹೆಂಡತಿಗೆ ಫೋನು ಮಾಡುತ್ತಾರೆ. "ತಿಂದ್ವು ಕಣೇ" ಎಂದಷ್ಟೇ ಹೇಳುತ್ತಾರೆ. ಆ ಕಡೆಯಿಂದ ಬಂದ ಮಾತು ಪಕ್ಕದಲ್ಲಿ ನಿಂತವರಿಗೂ ಕೇಳುವಷ್ಟು ಜೋರಾಗಿದೆ.

"ಹಾಗಾದ್ರೆ ಉಪ್ಪು ಸಿಕ್ತು ಅನ್ನಿ, ಇಬ್ಬರಿಗೂ!"